ಬಳ್ಳಿ ತುಂಬ ಹೂ, ಕಾಯಿ ಏಕಿಲ್ಲ?

ಕುಂಬಳ, ಸೌತೆ, ಹಾಗಲ, ಹೀರೆ ಬೆಳೆಯುವ ರೈತರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಬಳ್ಳಿ ಹುಲುಸಾಗಿ ಹಬ್ಬಿರುತ್ತದೆ, ಹೂವೂ ಸಾಕಷ್ಟಿರುತ್ತದೆ. ಆದರೆ ಹೀಚು ಹಳದಿಯಾಗಿ ಉದುರಿಹೋಗುತ್ತದೆ. ರೋಗವೆಂದು ತಿಳಿದು ಕೂಡಲೇ ಔಷಧಿ ಹೊಡೆಯುವವರೇ ಹೆಚ್ಚು. ಅದಕ್ಕೆ ಮೊದಲು ಹೂವನ್ನು ಗಮನವಿಟ್ಟು ನೋಡುವುದು ಅವಶ್ಯ.

ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗಂಡು ಹೂವಿಗೆ ಬರಿಯ ತೊಟ್ಟು ಇರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯಂತಹ ಭಾಗ ಕಾಣುತ್ತದೆ. ನಾವು ಹೀಚು ಎನ್ನುವ ಇದು ನಿಜವಾಗಿ ಇನ್ನೂ ಕಾಯಿಯಲ್ಲ, ಅಂಡಾಶಯ. ಮೊದಮೊದಲು ಬಿಡುವುವು ಬಹುತೇಕ ಗಂಡು ಹೂಗಳೇ ಆದ್ದರಿಂದ ಅವು ಉದುರಿದರೆ ಚಿಂತಿಸಬೇಕಾಗಿಲ್ಲ.

ಗಂಡು ಹೂವಿನ ಪರಾಗವು ಹೆಣ್ಣು ಹೂವಿನ ನಡುವೆ ಇರುವ ಅಂಟಾದ ತುದಿಯ ಮೇಲೆ, ಅಂದರೆ ಶಲಾಕಾಗ್ರದ ಮೇಲೆ ಬೀಳಬೇಕು. ಅಲ್ಲಿ ಪರಾಗದ ಕಣ ಮೊಳೆತು, ಕೂದಲಿಗಿಂತ ಸಣ್ಣ ನಾಳವೊಂದನ್ನು ಕೆಳಗಿಳಿಸಿ ಅಂಡಾಶಯದೊಳಗಿನ ಅಂಡಕವನ್ನು ತಲುಪುತ್ತದೆ. ಒಂದು ಬೀಜಕ್ಕೆ ಒಂದು ಕಣ ಬೇಕು. ಬಲಿಯತೊಡಗಿದ ಬೀಜಗಳು ಬೆಳವಣಿಗೆಯ ಚೋದಕಗಳನ್ನು ಹೊರಬಿಡುತ್ತವೆ. ಅದರಿಂದಲೇ ಬಳ್ಳಿಯ ಆಹಾರ ಹೀಚಿನತ್ತ ಹರಿಯುತ್ತದೆ. ಬೀಜ ಕಟ್ಟದ ಹೀಚನ್ನು ಬಳ್ಳಿ ಸಾಕುವುದಿಲ್ಲ. (ಬಾಳೆಯಂತೆ ಬೀಜವಿಲ್ಲದೆ ಕಾಯಾಗುವ ಬೆಳೆಗಳ ಮಾತು ಬೇರೆ.) ಸೊಟ್ಟಗಾದ ಸೌತೆಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಅನೇಕ ವೇಳೆ ಸೊರಗಿದ ಭಾಗದಲ್ಲಿ ಬೀಜ ಜೊಳ್ಳಾಗಿರುತ್ತದೆ, ದಪ್ಪನೆಯ ಭಾಗದಲ್ಲಿ ತುಂಬಿರುತ್ತದೆ.

ಈ ಪರಾಗ ತೂಕವಾದುದು, ಅಂಟಾದುದು. ಗಾಳಿ ಇದನ್ನು ಸಾಗಿಸಲಾರದು. ತುಡುವೆ, ಕೋಲುಜೇನು, ಹೆಜ್ಜೇನುಗಳೇ ಬರಬೇಕು. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ನಂಜಾಣು ರೋಗ ನಮ್ಮ ತುಡುವೆ ಕುಟುಂಬಗಳನ್ನು ಭಾರಿ ಪ್ರಮಾಣದಲ್ಲಿ ನಾಶಮಾಡಿತು. ರೋಗ ತಡೆಯುವುದು ನಮ್ಮ ಕೈಲಿರಲಿಲ್ಲ. ಆದರೆ ಹೂ ಅರಳಿದ ಹೊತ್ತಿನಲ್ಲಿ ಕೀಟನಾಶಕ ಹೊಡೆದು ಜೇನನ್ನು ಕೊಲ್ಲುವುದು ನಾವೇ.

ಕುಂಬಳ, ಸೌತೆ, ಹಾಗಲದ ಹೂ ಬೆಳಗಿನ ಜಾವ ಅರಳುತ್ತದೆ. ಕುಂಬಳದ ಹೂವಂತೂ ಬಿಸಿಲೇರುವುದರೊಳಗೆ ಮುದುಡುತ್ತದೆ, ಮತ್ತೆ ಅರಳುವುದಿಲ್ಲ. ಈ ಬೆಳೆಗಳಿಗೆ ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಆದರೆ ಈ ಮಾತನ್ನು ಎಲ್ಲ ಬಳ್ಳಿಗೂ ಅನ್ವಯಿಸಬಾರದು. ಹೀರೆ ಮತ್ತು ಸೋರೆ ಅರಳುವುದೇ ಸಂಜೆ. ಸೋರೆಯ ಬಿಳಿ ಹೂವಿಗೆ ರಾತ್ರಿ ಪತಂಗಗಳು ಬರುತ್ತವೆ. ಇಲ್ಲಿ ಹಿಂದಿನ ದಿನದ ಹೂ ಬಾಡಿದ ಮೇಲೆ, ಬೆಳಗಿನ ಹೊತ್ತು ಸಿಂಪಡಿಸುವುದು ವಾಸಿ. ಪಕ್ಕದಲ್ಲಿ ಕುಂಬಳ, ಸೌತೆ ಅರಳಿದ್ದರೆ ಆ ಹೂಗಳೂ ಮುಚ್ಚುವವರೆಗೆ ಕಾಯಬೇಕು.

ಉದುರಿದ ಹೀಚನ್ನು ಕೊಯ್ದು ನೋಡುವುದನ್ನು ಮರೆಯಬೇಡಿ. ಮೇಲೆ ಚುಚ್ಚಿದ ಗುರುತು, ಅಂಟು, ಒಳಗೆ ಹುಳು ಇದ್ದರೆ ಅದು ಹಣ್ಣಿನ ನೊಣದ ಕೆಲಸ. ಹುಳುವಾಗಲಿ ಕೊಳೆಯಾಗಲಿ ಇಲ್ಲದೆ ಬರಿದೇ ಸುಕ್ಕುಗಟ್ಟಿದ್ದರೆ ಪರಾಗಸ್ಪರ್ಶದ ಕೊರತೆಯನ್ನು ಶಂಕಿಸಬಹುದು.

ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ಉಪಾಯವೊಂದಿದೆ. ಕುಂಬಳದ ಬಳ್ಳಿಯಲ್ಲಿ ಬೆಳಗ್ಗೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು ಅದರ ದಳ ತೆಗೆಯಿರಿ. ನಡುವಿನ ಹಳದಿ ಪುಡಿಯನ್ನು ಅದೇ ದಿನ ಅರಳಿದ ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಹೋಳುಗಳಿಗೂ ಮೃದುವಾಗಿ ಸವರಿ. ಹೀಗೆ ಹತ್ತು ಹೂಗಳಿಗೆ ಮಾಡಿ, ತೊಟ್ಟಿಗೆ ನೂಲು ಕಟ್ಟಿ, ಒಂದು ವಾರ ಬಿಟ್ಟು ನೋಡಿ. ನೂಲು ಕಟ್ಟಿದ ಹೀಚುಗಳು ಬಹುಪಾಲು ನಿಂತು ಮಿಕ್ಕವು ಉದುರಿದ್ದರೆ, ನಿಮ್ಮ ಹೊಲಕ್ಕೆ ಬೇಕಾದುದು ಇನ್ನೊಂದು ಸೀಸೆ ಔಷಧಿಯಲ್ಲ, ಜೇನು.