ಗಂಡನ ಸಹಿ ಯಾವ ಕಾನೂನಿನಲ್ಲಿದೆ?

ಸಂತಾನಹರಣ ಆಪರೇಶನ್ನಿಗೆ ಹೆಸರು ಬರೆಸಲು ಹೋದವಳಿಗೆ ಕೌಂಟರಿನಲ್ಲಿ "ಯಜಮಾನರ ಸಹಿ ತನ್ನಿ" ಅಂದರೆ ನಮ್ಮ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ. ಭಟ್ಕಳದವಳಾದರೆ ಯಜಮಾನರು ದುಬೈಯಲ್ಲಿ. ಹೊನ್ನಾವರದ ಕಾಸರಕೋಡಿನವಳಾದರೆ ಗಂಡ ಬೋಟಿನಲ್ಲಿ, ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾದ ಮೇಲೆಯೇ ಮನೆಯಲ್ಲಿ ಕಾಲೂರುವವನು. ಫಾರ್ಮು ಅಲ್ಲೇ ಉಳಿಯುತ್ತದೆ. ಬಸಿರು ಕಾಯುವುದಿಲ್ಲ.

ಆ ಸಹಿಯನ್ನು ಯಾವ ಕಾನೂನೂ ಕೇಳಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಮಾನದಂಡ ಕೇಳುವುದಿಷ್ಟೇ: ಮದುವೆಯಾಗಿರಬೇಕು, ವಯಸ್ಸು 22ರಿಂದ 49, ವರ್ಷ ದಾಟಿದ ಒಂದು ಮಗು, ಮತ್ತು ಅವಳ ಒಪ್ಪಿಗೆ. ಸಂಗಾತಿಯ ಒಪ್ಪಿಗೆ ಬೇಕಿಲ್ಲವೆಂದು ಅದರಲ್ಲೇ ಬರೆದಿದೆ. ವಂಕಿ, ಮೂರು ತಿಂಗಳಿಗೊಮ್ಮೆಯ 'ಅಂತರ' ಇಂಜೆಕ್ಷನ್, 'ಛಾಯಾ' ಮಾತ್ರೆಗಳಿಗಂತೂ ಪ್ರಶ್ನೆಯೇ ಏಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಪುಕ್ಕಟೆ. (ವ್ಯಾಸೆಕ್ಟಮಿಗೆ ಬಂದ ಗಂಡಸಿಗೂ ಹೆಂಡತಿಯ ಸಹಿ ತಾ ಅನ್ನುತ್ತಾರೆಯೇ? ಬರುವವರಿದ್ದರಲ್ಲವೇ ಗೊತ್ತಾಗುವುದು!)

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯಕೀಯ ಕಾರಣವಿಲ್ಲದೆ ಸಂಗಾತಿಗೆ ತಿಳಿಸದೆ ಇಂಥ ಆಪರೇಶನ್ ಮಾಡಿಸಿಕೊಳ್ಳುವುದು ಮಾನಸಿಕ ಕ್ರೌರ್ಯವಾಗಬಹುದು ಎಂದಿತು. ಗಂಡನಿಗೂ ಹೆಂಡತಿಗೂ ಒಂದೇ ಅಳತೆ. ಅದು ವಿಚ್ಛೇದನದ ಮಾತೇ ಹೊರತು ಆಸ್ಪತ್ರೆಯ ನಿಯಮವಲ್ಲ. ಆದರೂ ಒಂದು ವಾಟ್ಸಾಪ್ ಸಂದೇಶ ಕಳಿಸಿ, ಅಳಿಸದೆ ಇಟ್ಟುಕೊಂಡರೆ ಒಳ್ಳೆಯದು. ಹೇಳಿದರೆ ಹೊಡೆತ ಬೀಳುವ ಮನೆಗೆ ಈ ಸಲಹೆಯಲ್ಲ.

ಒಪ್ಪಿಗೆ ಪತ್ರವನ್ನು ಅವಳ ಭಾಷೆಯಲ್ಲೇ ಓದಿ ಹೇಳಬೇಕು. ನವಾಯತಿ ಆಡುವವಳಿಗೆ ಕನ್ನಡದಲ್ಲಿ ಗಡಿಬಿಡಿಯಿಂದ ಓದಿ ಮುಗಿಸಿದರೆ ಆಗಲಿಲ್ಲ. ಹೆರಿಗೆ ನೋವಿನ ನಡುವೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಕೊನೇ ಗಳಿಗೆಯಲ್ಲೂ "ಬೇಡ" ಅನ್ನಬಹುದು. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಎರಡೇ ತಾಸಿನಲ್ಲಿ 53 ಹೆಂಗಸರಿಗೆ ಆಪರೇಶನ್ ಮಾಡಿ ಮುಗಿಸಿದ್ದರು. ಅದರ ಬಗ್ಗೆ ದೇವಿಕಾ ಬಿಸ್ವಾಸ್ ಹೂಡಿದ ಪ್ರಕರಣದಲ್ಲೇ 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದದ್ದು.

ಗರ್ಭಪಾತಕ್ಕೂ ಗಂಡನ ಸಹಿ ಬೇಡ. 18 ತುಂಬಿದವಳ ಒಪ್ಪಿಗೆ ಸಾಕು. ಗರ್ಭನಿರೋಧಕ ಕೈಕೊಟ್ಟದ್ದು 20 ವಾರದವರೆಗೆ ಸಕಾರಣವೇ. ಗರ್ಭಪಾತ ಕಾಯ್ದೆಗೆ 2021ರ ತಿದ್ದುಪಡಿ ಬಂದ ಮೇಲೆ ಮದುವೆಯಾಗದವಳಿಗೂ ಇದು ಅನ್ವಯ. ಕುಮಟಾದಂಥ ಊರಿನಲ್ಲಿ ನರ್ಸಮ್ಮ ಅತ್ತೆಯ ಪರಿಚಯದವಳೇ ಆಗಿರುತ್ತಾಳೆ. ಹೆಸರು ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯಿದೆ ಎಂಬುದು ನರ್ಸಮ್ಮನಿಗೂ ಅತ್ತೆಗೂ ಗೊತ್ತಿರಲಿ.

ಆಪರೇಶನ್ ಆದ ಮೇಲೂ ಮುಟ್ಟು ನಿಂತರೆ ಎರಡು ವಾರದೊಳಗೆ ಅದೇ ಆಸ್ಪತ್ರೆಗೆ ತಿಳಿಸಬೇಕು, ಗರ್ಭಪಾತ ಉಚಿತ. ವಿಫಲತೆಗೆ ಸರ್ಕಾರದ ಪರಿಹಾರ 60,000 ರೂಪಾಯಿ. ಅರ್ಜಿ ಹಾಕಲು 90 ದಿನ. ಅದಕ್ಕೆ ಆಪರೇಶನ್ನಿನ ಪ್ರಮಾಣಪತ್ರ ಬೇಕು. ಮನೆಗೆ ಹೋಗುವ ಅವಸರದಲ್ಲಿ ಅದನ್ನು ಕೇಳಿ ಪಡೆಯದೆ ಬಿಡುವವರೇ ಹೆಚ್ಚು. ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಿ, ನಮ್ಮ ಮಳೆಗಾಲಕ್ಕೆ ಬರೀ ಕಾಗದ ತಾಳುವುದಿಲ್ಲ. ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋದರೆ ವೈದ್ಯರ ನಿರ್ಲಕ್ಷ್ಯ ಸಾಬೀತಾಗಬೇಕು. ಬಸಿರಾದದ್ದಷ್ಟೇ ಸಾಲದೆಂದು 2005ರಲ್ಲಿ ಶಿವರಾಂ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಹೇಳಿದೆ.

ಸಹಿ ಇಲ್ಲದೆ ಆಗುವುದೇ ಇಲ್ಲ ಎಂದು ಪಟ್ಟುಹಿಡಿದವರಿಗೆ, "ಯಾವ ನಿಯಮ, ಬರೆದು ಕೊಡಿ" ಅನ್ನಿ. ಕೊಡದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣಿಗೆ ವಕೀಲರ ನೆರವು ಉಚಿತ. ವರಮಾನ ಪತ್ರ ಕೇಳುವಂತಿಲ್ಲ. ಅಲ್ಲಿಗೆ ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು.