ಬೀಜದ ಮೀನು

ಚಳಿಗಾಲ ಬಂತು. ವರದಾ ಹೊಳೆಯ ನೀರು ಇಳಿಯಿತು. ಮೀನುಗಳು ಆಳದ ಗುಂಡಿ ಸೇರಿದವು.

ನಾವು ಗೆಳತಿಯರು ಕೂಡಿ ಬನವಾಸಿ ಹತ್ತಿರ ಹೊಳೆಗೆ ಹೋದೆವು. ಚಳಿಗೆ ಗೆಂಡೆ ಮೀನು ಮೇಯುವುದು ಕಡಿಮೆ. ಬಿಸಿಲೇರಿದ ಮೇಲೆ ಮೇವಿಗೆ ಬರುತ್ತದೆ. ಗಾಳಕ್ಕೆ ಎರೆಹುಳ ಚುಚ್ಚಿ ಕಾದೆವು.

ಮಧ್ಯಾಹ್ನಕ್ಕೆ ಐದು ಗೆಂಡೆ ಸಿಕ್ಕವು. ಮೂರು ದೊಡ್ಡವು. ಎರಡು ಬೆರಳುದ್ದದ ಮರಿಗಳು.

"ಮರಿ ನೀರಿಗೆ ಬಿಡೋಣ" ಎಂದೆವು.

"ಅಯ್ಯೋ ಅಕ್ಕೋರೇ, ಸಿಕ್ಕಿದ್ದು ಬಿಡೋದಾ?" ಎಂದಳು ಒಬ್ಬಳು.

ಹಿರಿಯಳೊಬ್ಬಳು ನಕ್ಕಳು. "ಬೀಜದ ಭತ್ತ ಕುಟ್ಟಿ ಉಣ್ತೀಯೇನೇ ತಂಗಿ? ಬಿಡು" ಎಂದಳು.

ಅವಳ ಮಾತು ನಿಜ. ಗೆಂಡೆ ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ. ದೊಡ್ಡ ಗೆಂಡೆ ಒಂದೇ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮರಿ ಉಳಿದರೆ ಮುಂದೆ ಮೀನು ಉಂಟು.

ಕೆಲವರಿಗೆ ಕಾಯಲು ತಾಳ್ಮೆ ಇಲ್ಲ. ತೋಟಕ್ಕೆ ತಂದ ಮೈಲುತುತ್ತವನ್ನು ಗುಂಡಿಗೆ ಸುರಿಯುತ್ತಾರೆ. ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಸಿಡಿಮದ್ದು ಸಿಡಿಸುತ್ತಾರೆ. ಆಗ ಮರಿ, ಏಡಿ, ಸೀಗಡಿ ಎಲ್ಲ ಸಾಯುತ್ತವೆ. ಅದೇ ನೀರು ದನ ಕುಡಿಯುತ್ತದೆ. ಅದೇ ನೀರಲ್ಲಿ ನಾವು ಪಾತ್ರೆ ತೊಳೆಯುತ್ತೇವೆ. ಮದ್ದು ಕೈಯಲ್ಲೇ ಸಿಡಿದರೆ ಕೈಯೇ ಹೋಗುತ್ತದೆ.

ಹೊಳೆಗೆ ವಿಷ, ಸಿಡಿಮದ್ದು ಹಾಕಬಾರದೆಂದು 1897ರಲ್ಲೇ ಕಾನೂನು ಬಂತು. ಇಂದಿಗೂ ಅದು ಅಪರಾಧ.

ಸಿದ್ದಾಪುರದ ಅಘನಾಶಿನಿಗೂ ಯಲ್ಲಾಪುರದ ಬೇಡ್ತಿಗೂ ಇದೇ ಮಾತು. ಮನೆಯ ಗಂಡಸರಿಗೆ, ಮಕ್ಕಳಿಗೆ ನಾವೇ ಹೇಳೋಣ.

ಆ ದಿನ ಮೂರು ಮೀನಿನ ಸಾರು ಎಲ್ಲರಿಗೂ ಸಾಕಾಯಿತು. ಮರಿಗಳು ಹೊಳೆಯಲ್ಲೇ ಉಳಿದವು.

ಯೋಚಿಸಿ, ಹೇಳಿ:
1. ಮರಿ ಮೀನನ್ನು ಏಕೆ ಬಿಡಬೇಕು?
2. ಹೊಳೆಗೆ ವಿಷ ಹಾಕಿದರೆ ಯಾರಿಗೆಲ್ಲ ಕೇಡು?
3. ನಿಮ್ಮೂರ ಹೊಳೆಯ ಹೆಸರು ಬರೆಯಿರಿ.