ಹಳೆಯ ಮದುವೆಗೆ ದಾಖಲೆ ಹುಡುಕುವಾಗ

ಸಂಗಾತಿಯ ಗ್ರೀನ್ ಕಾರ್ಡಿಗಾಗಿ ಅಮೆರಿಕದಲ್ಲಿ ಐ-130 ಅರ್ಜಿ ಹಾಕುವವರು ಮದುವೆಯ ಪ್ರಮಾಣಪತ್ರ ಕೊಡಲೇಬೇಕು. ನಮ್ಮಲ್ಲಿ ಎಷ್ಟೋ ಮದುವೆಗಳು ಛತ್ರದಲ್ಲಿ, ದೇವಸ್ಥಾನದಲ್ಲಿ ಸಾಂಗವಾಗಿ ನಡೆದವು, ನೋಂದಣಿ ಮಾತ್ರ ಉಳಿದುಹೋಯಿತು. ಗಾಬರಿಯಾಗಬೇಡಿ.

ನೋಂದಣಿ ಆಗಿತ್ತೇ ಎಂದು ಮೊದಲು ಮನೆಯ ಹಿರಿಯರನ್ನು ಕೇಳಿ. ಆಗಿದ್ದರೆ ಆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಇಸವಿ ಖಚಿತವಾಗಿದ್ದರೆ ಹುಡುಕುವವರಿಗೂ ಸಲೀಸು. ಚರ್ಚಿನ ಮದುವೆಯಾದರೆ ಚರ್ಚಿನ ರಿಜಿಸ್ಟರ್ ನೋಡಿಸಿ.

ನೋಂದಣಿ ಆಗಿರದಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆಯಡಿ ನಡೆದ ಮದುವೆಯನ್ನು ವರ್ಷಗಳ ನಂತರವೂ ನೋಂದಾಯಿಸಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ವಯಸ್ಸಿನ ದಾಖಲೆ, ಸಾಕ್ಷಿಗಳು ಬೇಕು. ಆದರೆ ಮೊನ್ನೆಯ ತಾರೀಖಿನ ಪ್ರಮಾಣಪತ್ರ ಕಂಡಾಗ ಅಮೆರಿಕದ ವಲಸೆ ಅಧಿಕಾರಿಗೆ ಪ್ರಶ್ನೆ ಏಳುವುದು ಸಹಜ. ಅದಕ್ಕೇ ಆ ಕಾಲದ ಕಾಗದಗಳನ್ನು ಕಾಪಾಡಿ: ಛತ್ರದ ರಸೀದಿ, ಮುಯ್ಯಿ ಪುಸ್ತಕ, ಹಳೆಯ ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ. ನನ್ನ ಮಟ್ಟಿಗೆ, ಊರಿನವರ ಹೆಸರು ಸಾಲಾಗಿ ಬರೆದಿರುವ ಮುಯ್ಯಿ ಪುಸ್ತಕಕ್ಕಿಂತ ನಂಬಿಕಸ್ಥ ಸಾಕ್ಷಿ ಅಪರೂಪ.

ಕನ್ನಡದ ಕಾಗದಗಳಿಗೆಲ್ಲ ಪೂರ್ಣ ಇಂಗ್ಲಿಷ್ ಅನುವಾದ, ಜೊತೆಗೆ ಅನುವಾದಕರ ಸಹಿ ಮಾಡಿದ ದೃಢೀಕರಣ ಬೇಕು. ಹೆಸರಿನ ಇನಿಶಿಯಲ್ ಪಾಸ್‌ಪೋರ್ಟಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಮೊದಲ ಮದುವೆ ಮುರಿದಿದ್ದರೆ ವಿಚ್ಛೇದನದ ತೀರ್ಪು, ಆ ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇಡಿ. ದುಡ್ಡು ಕೊಟ್ಟರೆ ಹಳೆಯ ತಾರೀಖಿನ ಪತ್ರ ಮಾಡಿಸುತ್ತೇನೆ ಎನ್ನುವವರ ಹತ್ತಿರ ಸುಳಿಯಲೇಬೇಡಿ. ಮದುವೆಯನ್ನು ಕಣ್ಣಾರೆ ಕಂಡ ಸೋದರಮಾವ, ದೊಡ್ಡಮ್ಮ ಇನ್ನೂ ಗಟ್ಟಿಯಾಗಿರುವಾಗಲೇ ಅವರಿಂದ ಅಫಿಡವಿಟ್ ಬರೆಸಿಟ್ಟುಕೊಳ್ಳಿ.